ಏಳು ಹೆಬ್ಬಾಗಿಲುಗಳ ಥೀಬ್ಸ್

ಗ್ರೀಕರ ಪುರಾಣಗಳಲ್ಲಿ ಟ್ರಾಯ್ ನಗರಕ್ಕೆ ಸರಿಸಾಟಿಯಾಗಿ ನಿಲ್ಲಬಲ್ಲ ನಗರವೊಂದಿದ್ದರೆ ಅದು ಥೀಬ್ಸ್. ಮಧ್ಯ ಗ್ರೀಸಿನ ಬಿಯೋಷಿಯ ಎಂಬ ಸೀಮೆಯಲ್ಲಿ, ಅಥೆನ್ಸಿನಿಂದ ವಾಯವ್ಯಕ್ಕೆ ನೇರ ಗೆರೆಯಲ್ಲಿ ಅಳೆದರೆ ಸುಮಾರು 50 ಕಿಲೋಮೀಟರ್ ದೂರದಲ್ಲಿ, ಫಲವತ್ತಾದ ಬಯಲಿನ ಅಂಚಿಗೆ ಎದ್ದಿರುವ ಉದ್ದನೆಯ ದಿಬ್ಬವೊಂದರ ಮೇಲೆ ಈ ಊರು ನೆಲೆಗೊಂಡಿದೆ. ದಿಬ್ಬದ ಪಶ್ಚಿಮಕ್ಕೆ ಡರ್ಸಿ, ಪೂರ್ವಕ್ಕೆ ಇಸ್ಮೀನಸ್ ಎಂಬ ಹಳ್ಳಗಳಿದ್ದು, ಊರಿನ ಮೂಲಪುರುಷನಾದ ಕ್ಯಾಡ್ಮಸ್‌ನ ಹೆಸರಿನಿಂದ ದಿಬ್ಬಕ್ಕೆ ಕ್ಯಾಡ್ಮಿಯ ಎಂಬ ಹೆಸರು ಬಂದಿದೆ. ಹೋಮರನ ಕಾವ್ಯದಲ್ಲಿಯೇ ಇದು ಏಳು ಬಾಗಿಲುಗಳ ಊರೆಂದು ಬಣ್ಣಿಸಲ್ಪಟ್ಟಿದ್ದು, ನೈಲ್ ನದಿಯ ದಂಡೆಯಲ್ಲಿದ್ದ ನೂರು ಬಾಗಿಲುಗಳ ಥೀಬ್ಸ್‌ನಿಂದ ಇದನ್ನು ಬೇರೆಯಾಗಿ ಗುರುತಿಸಲಾಗಿದೆ. ಪಿ. ಲಂಕೇಶರು ಸೊಫೊಕ್ಲೀಸ್‌ನ ಈಡಿಪಸ್ ಮತ್ತು ಅಂತಿಗೊನೆ ನಾಟಕಗಳನ್ನು ಕನ್ನಡಕ್ಕೆ ತಂದ ಮೇಲೆ ಕನ್ನಡದ ಓದುಗರಿಗೂ ರಂಗಾಸಕ್ತರಿಗೂ ಈ ನಗರ ಪರಿಚಿತವೇ ಆಗಿದೆ. ಆದರೆ ನಾಟಕದ ಮೂಲಕ ಪರಿಚಿತವಾಗಿರುವುದು ಅರಮನೆಯೊಂದರ ಮುಂಬಾಗಿಲು ಮಾತ್ರ, ಅದರ ಹಿಂದೆ ಮೂರು ಸಾವಿರ ವರ್ಷಗಳಿಗೂ ಮೀರಿ ಬದುಕಿದ ಒಂದು ಊರಿದೆ.

ಪುರಾಣಪ್ರಸಿದ್ಧವಾದ ಊರುಗಳು ಲೋಕದಲ್ಲಿ ಅನೇಕ. ಅವುಗಳ ನಡುವೆ ಥೀಬ್ಸ್‌ನ ಸ್ಥಿತಿ ವಿಶಿಷ್ಟವಾದುದಕ್ಕೆ ಕಾರಣ, ಅಲ್ಲಿನ ಹಳೆಯ ಕಥೆಗಳು ಗತಕಾಲವನ್ನು ವರ್ಣಿಸಿ ಸುಮ್ಮನಾಗದೆ, ಊರು ಜೀವಂತವಾಗಿದ್ದಾಗಲೇ ಅದರ ವೈರಿಗಳ ಕೈಯಲ್ಲಿ ಆಪಾದನೆಯಾಗಿ, ಅದರ ಸೆರೆಯಾಳುಗಳ ಬಾಯಲ್ಲಿ ಅಹವಾಲಾಗಿ, ದೂರದ ಪಟ್ಟಣಗಳಿಗೆ ನಂಟಸ್ತಿಕೆಯ ಪತ್ರವಾಗಿ ಕೆಲಸ ಮಾಡಿದ್ದು. ಈ ಕಥೆಗಳಲ್ಲಿ ಹೆಚ್ಚಿನವು ಥೀಬ್ಸಿನವರು ಬರೆದುಕೊಂಡವಲ್ಲ, ನೆರೆಯವರು ಬರೆದವು ಎಂಬುದನ್ನು ಗಮನದಲ್ಲಿರಿಸಿಕೊಂಡರೆ ಮಾತ್ರ ಆ ಊರಿನ ಚರಿತ್ರೆಯ ಏಳುಬೀಳುಗಳು ಅರ್ಥವಾಗುತ್ತವೆ.

ಸ್ಥಾಪನೆಯ ಕಥೆಯೇ ಒಂದಲ್ಲ, ಎರಡು. ಹೆಚ್ಚು ಪ್ರಸಿದ್ಧವಾದ ಕಥೆಯ ಪ್ರಕಾರ ಕ್ಯಾಡ್ಮಸ್, ಇಂದಿನ ಲೆಬನಾನ್ ಕರಾವಳಿಯಲ್ಲಿದ್ದ ಫೀನಿಷಿಯ ದೇಶದ ಟೈರ್ ಪಟ್ಟಣದ ರಾಜಕುಮಾರ. ದೇವರಾಜನಾದ ಜ್ಯೂಸ್ ಗೂಳಿಯ ವೇಷದಲ್ಲಿ ಬಂದು ಅವನ ತಂಗಿ ಯೂರೋಪಾಳನ್ನು ಹೊತ್ತೊಯ್ದಾಗ ತಂದೆಯ ಆಣತಿಯಂತೆ ಅವಳನ್ನು ಅರಸುತ್ತ ಹೊರಟ ಕ್ಯಾಡ್ಮಸ್, ಕಡೆಗೆ ಅಪೊಲೊ ದೇವರು ಭವಿಷ್ಯ ನುಡಿಯುವ ಡೆಲ್ಫಿ ಕ್ಷೇತ್ರಕ್ಕೆ ಬರಲು, ಹುಡುಕಾಟವನ್ನು ಬಿಡುವಂತೆಯೂ, ಎದುರಾಗುವ ಹಸುವೊಂದನ್ನು ಹಿಂಬಾಲಿಸಿ ಅದು ದಣಿದು ಮಲಗಿದ ಜಾಗದಲ್ಲಿ ಊರು ಕಟ್ಟುವಂತೆಯೂ ಅಪ್ಪಣೆಯಾಯಿತು. ಹಸು ಮಲಗಿದ ಜಾಗವೇ ಕ್ಯಾಡ್ಮಿಯ. ಅಲ್ಲಿನ ಒರತೆಯನ್ನು ಕಾಯುತ್ತಿದ್ದ, ಯುದ್ಧದೇವತೆ ಏರೀಸ್‌ನಿಗೆ ಸೇರಿದ ಘಟಸರ್ಪ ನೀರಿಗೆ ಹೋದ ಆಳುಗಳನ್ನು ಕೊಂದಾಗ ಕ್ಯಾಡ್ಮಸ್ ಅದನ್ನು ಸಂಹರಿಸಿ, ಅಥೀನಾ ದೇವಿಯ ಸಲಹೆಯಂತೆ ಅದರ ಹಲ್ಲುಗಳನ್ನು ಉತ್ತ ನೆಲದಲ್ಲಿ ಬಿತ್ತಿದನು; ಬಿತ್ತಿದಲ್ಲೆಲ್ಲ ಆಯುಧಪಾಣಿಗಳು ಎದ್ದು, ಅವನು ನಡುವೆ ಎಸೆದ ಕಲ್ಲಿನಿಂದ ಕೆರಳಿ ತಮ್ಮೊಳಗೇ ಕಾದಾಡಿ ಸತ್ತು, ಕೊನೆಗೆ ಐವರು ಉಳಿದರು. ಸ್ಪಾರ್ಟೊಯ್, ಅಂದರೆ ಬಿತ್ತನೆಯಿಂದ ಹುಟ್ಟಿದವರು, ಎಂದು ಕರೆಯಲಾದ ಈ ಐವರಿಂದಲೇ ಥೀಬ್ಸಿನ ಕುಲೀನ ಮನೆತನಗಳು ಬೆಳೆದವೆಂದು ನಂಬಿಕೆ. ಇದು ಬರಿಯ ಕಾವ್ಯದ ಮಾತಾಗಿ ಉಳಿಯಲಿಲ್ಲ: ಕ್ರಿ.ಪೂ. 4ನೇ ಶತಮಾನದ ಮಹಾಸೇನಾನಿ ಎಪಮಿನಾಂಡಸ್ ಈ ವಂಶದವನೆಂದು ಎಣಿಸಲಾಗುತ್ತಿದ್ದು, ಅವನ ಸಮಾಧಿಯ ಮೇಲಿದ್ದ ಗುರಾಣಿಯಲ್ಲಿ ಸರ್ಪದ ಚಿತ್ರವಿದ್ದುದಕ್ಕೆ ಇದೇ ಕಾರಣವೆಂದು ಪ್ರವಾಸಿ ಲೇಖಕ ಪಾಸೇನಿಯಸ್ ಹೇಳಿದ್ದಾನೆ.

ಎರಡನೆಯ ಕಥೆಯಲ್ಲಿ ಕ್ಯಾಡ್ಮಸ್‌ನ ಸುಳಿವೇ ಇಲ್ಲ. ಹೋಮರನ ಒಡಿಸ್ಸಿಯಲ್ಲಿ ಆಂಫಿಯನ್ ಮತ್ತು ಜೀಥಸ್ ಎಂಬ ಅವಳಿ ಸೋದರರೇ ಮೊತ್ತಮೊದಲು ಈ ಊರನ್ನು ನೆಲೆಗೊಳಿಸಿ ಕೋಟೆ ಕಟ್ಟಿದವರು. ಬಯಲಿನ ನಡುವಿನ ಈ ತಾಣದಲ್ಲಿ ಕೋಟೆಯಿಲ್ಲದೆ ಎಂಥ ಬಲಶಾಲಿಗಳೂ ಬದುಕುವಂತಿರಲಿಲ್ಲ ಎಂಬ ಕಾರಣವನ್ನೂ ಕವಿ ಕೊಟ್ಟಿದ್ದಾನೆ. ಜೀಥಸ್ ಹೆಗಲ ಮೇಲೆ ಬಂಡೆ ಹೊತ್ತು ತರುತ್ತಿದ್ದರೆ ಆಂಫಿಯನ್‌ನ ಲೈರ್ ಎಂಬ ತಂತಿವಾದ್ಯದ ನಾದಕ್ಕೆ ಕಲ್ಲುಗಳು ತಾವಾಗಿಯೇ ಬಂದು ಗೋಡೆಯಲ್ಲಿ ಕುಳಿತವೆಂಬುದೂ, ಆ ವಾದ್ಯಕ್ಕಿದ್ದ ಏಳು ತಂತಿಗಳಿಗೆ ಸರಿಯಾಗಿ ಏಳು ಬಾಗಿಲುಗಳಾದವೆಂಬುದೂ ಆಮೇಲೆ ಬೆಳೆದ ಕಥನಗಳು. ಎರಡು ಸ್ಥಾಪನೆಗಳು ಒಂದಕ್ಕೊಂದು ಹೊಂದದಿದ್ದುದನ್ನು ಕಂಡ ಮುಂದಿನ ಲೇಖಕರು, ಮೇಲಿನ ಊರು ಕ್ಯಾಡ್ಮಸ್‌ನದು, ಕೆಳಗಿನ ಊರು ಆಂಫಿಯನ್‌ನದು ಎಂದು ಹಂಚಿ ರಾಜಿ ಮಾಡಿದರು. ಈ ರಾಜಿ ಎಷ್ಟು ಜಾಣತನದ್ದೋ ಅಷ್ಟೇ ಕೃತಕ. ಒಂದೇ ಊರಿನ ಬಗ್ಗೆ ಬೇರೆ ಬೇರೆ ಕಡೆ ಬೆಳೆದ ಎರಡು ಪರಂಪರೆಗಳು ಅಲ್ಲಿ ಕೂಡಿಕೊಂಡಿವೆಯೆಂದು ತಿಳಿಯುವುದೇ ಯುಕ್ತ.

ಕ್ಯಾಡ್ಮಸ್‌ನ ಮದುವೆಗೆ ದೇವತೆಗಳೆಲ್ಲ ಇಳಿದು ಬಂದಿದ್ದರೂ, ಮದುಮಗಳಾದ ಹಾರ್ಮೋನಿಯಳಿಗೆ ದೊರೆತ ಕಂಠಹಾರ ಮುಂದೆ ಧರಿಸಿದವರಿಗೆಲ್ಲ ಕೇಡು ತಂದಿತು. ಅವನ ಮಗಳು ಸೆಮಿಲಿ ಜ್ಯೂಸ್‌ನ ಸಿಡಿಲಿಗೆ ಸುಟ್ಟುಹೋಗಿ, ಅವಳ ಮಗನಾದ ಡಯೊನೈಸಸ್ ಮದ್ಯದ ದೇವರಾದನು. ಆ ದೇವರನ್ನು ಒಪ್ಪದ, ಕ್ಯಾಡ್ಮಸ್‌ನ ಇನ್ನೊಬ್ಬ ಮೊಮ್ಮಗ ಪೆಂಥಿಯಸ್ ಸ್ವಂತ ತಾಯಿಯ ಕೈಯಲ್ಲೇ ಹತನಾದನು. ಮುಂದಿನ ತಲೆಮಾರುಗಳಲ್ಲಿ ಲೇಯಸ್, ಅವನ ಮಗ ಈಡಿಪಸ್, ತಂದೆಯನ್ನು ಅರಿಯದೆ ಕೊಂದು ತಾಯಿಯನ್ನು ಅರಿಯದೆ ಮದುವೆಯಾದ ಆ ದೊರೆಯ ಮಕ್ಕಳಾದ ಎಟಿಯೋಕ್ಲೀಸ್ ಮತ್ತು ಪಾಲಿನೀಸಿಸ್, ಸಿಂಹಾಸನಕ್ಕಾಗಿ ಇವರ ಜಗಳ, ಪಾಲಿನೀಸಿಸ್‌ನ ಪರವಾಗಿ ಆರ್ಗಾಸ್ ಪಟ್ಟಣದಿಂದ ಬಂದು ಒಂದೊಂದು ಬಾಗಿಲಿಗೆ ಒಬ್ಬರಂತೆ ಲಗ್ಗೆ ಹಾಕಿದ ಏಳು ದಳಪತಿಗಳು, ಅವರ ಸೋಲು, ಒಂದು ತಲೆಮಾರಿನ ಬಳಿಕ ಅವರ ಮಕ್ಕಳು ಮರಳಿ ಬಂದು ಊರನ್ನು ಗೆದ್ದುದು, ಇಷ್ಟೂ ಒಂದರಿಂದೊಂದು ಹುಟ್ಟಿಕೊಳ್ಳುವ ದೀರ್ಘ ಕಥಾಮಾಲೆ. ಕ್ರಿ.ಪೂ. 700ರ ಆಸುಪಾಸಿನ ಕವಿ ಹೆಸಿಯಡ್ ವೀರರ ಯುಗವನ್ನು ಕೊನೆಗಾಣಿಸಿದ ಎರಡು ಯುದ್ಧಗಳನ್ನು ಹೆಸರಿಸುವಾಗ ಟ್ರಾಯ್‌ನ ಜೊತೆಗೆ ಥೀಬ್ಸ್‌ಅನ್ನೂ ಹೇಳುತ್ತಾನೆ. ಥೀಬ್ಸ್‌ನ ಯುದ್ಧವನ್ನು ಹಾಡಿದ ಥೀಬೆಯ್ಡ್ ಎಂಬ ಮಹಾಕಾವ್ಯವನ್ನು ಪಾಸೇನಿಯಸ್ ಇಲಿಯಡ್ ಮತ್ತು ಒಡಿಸ್ಸಿಗಳ ಮುಂದಿನ ಸ್ಥಾನದಲ್ಲಿ ಇರಿಸಿದ್ದಾನೆ. ಆ ಕಾವ್ಯ ಕೆಲವೇ ತುಣುಕುಗಳನ್ನು ಬಿಟ್ಟು ಕಳೆದುಹೋಗಿರುವುದು ಗ್ರೀಕ್ ಸಾಹಿತ್ಯದ ದೊಡ್ಡ ನಷ್ಟಗಳಲ್ಲಿ ಒಂದು.

ಆ ಕಾವ್ಯ ನಷ್ಟವಾದುದರಿಂದ ಥೀಬ್ಸ್‌ನ ಕಥೆ ಇಂದು ಜಗತ್ತಿಗೆ ತಿಳಿದಿರುವುದು ಮುಖ್ಯವಾಗಿ ಅಥೆನ್ಸಿನ ರಂಗಭೂಮಿಯ ಮೂಲಕ. ಈಸ್ಕಿಲಸ್, ಸೊಫೊಕ್ಲೀಸ್, ಯೂರಿಪಿಡೀಸ್ ಎಂಬ ಮೂವರು ಅಥೆನ್ಸಿನ ನಾಟಕಕಾರರ ಉಳಿದಿರುವ ಮೂವತ್ತೆರಡರಷ್ಟು ದುರಂತ ನಾಟಕಗಳಲ್ಲಿ ಆರು ನಾಟಕಗಳು ಥೀಬ್ಸ್‌ನಲ್ಲಿಯೇ ನಡೆಯುತ್ತವೆ, ಇನ್ನೆರಡು ಅದರ ವ್ಯವಹಾರದ ಸುತ್ತ ಹೆಣೆಯಲ್ಪಟ್ಟಿವೆ. ಹಳೆಯ ಕಥೆ ಇಲ್ಲಿ ಎಷ್ಟು ಬದಲಾಯಿತೆಂಬುದಕ್ಕೆ ಈಡಿಪಸ್‌ನ ಅಂತ್ಯವೇ ಸಾಕ್ಷಿ. ಒಡಿಸ್ಸಿಯಲ್ಲಿ ನಿಜ ಬಯಲಾಗಿ ರಾಣಿ ನೇಣು ಹಾಕಿಕೊಂಡ ಮೇಲೂ ಈಡಿಪಸ್ ನೋವನ್ನು ನುಂಗಿಕೊಂಡು ಥೀಬ್ಸ್‌ನಲ್ಲೇ ದೊರೆಯಾಗಿ ಮುಂದುವರಿಯುತ್ತಾನೆ. ಇಲಿಯಡ್‌ನಲ್ಲಿ ಅವನು ತೀರಿಕೊಂಡಾಗ ಥೀಬ್ಸ್‌ನಲ್ಲಿ ನಡೆದ ಅಂತ್ಯಕ್ರಿಯೆಯ ಪಂದ್ಯಗಳ ಪ್ರಸ್ತಾಪವಿದೆ. ಕಣ್ಣು ಕಿತ್ತುಕೊಂಡು, ಊರು ಬಿಟ್ಟು, ಮಗಳ ಕೈಹಿಡಿದು ಅಲೆಯುವ ಈಡಿಪಸ್ ಹೋಮರನಿಗೆ ಸೇರಿದವನಲ್ಲ. ಸೊಫೊಕ್ಲೀಸ್‌ನ ಕೊನೆಯ ನಾಟಕದಲ್ಲಂತೂ ಆ ಮುದುಕನಿಗೆ ಆಶ್ರಯ ಕೊಡುವವನು ಅಥೆನ್ಸಿನ ದೊರೆ ಥೀಸಿಯಸ್, ಈಡಿಪಸ್‌ನ ದೇಹ ಸೇರುವುದು ಕವಿಯ ಹುಟ್ಟೂರೂ ಆದ ಅಥೆನ್ಸಿನ ಕೊಲೋನಸ್ ಎಂಬ ಹೊರವಲಯದ ನೆಲವನ್ನು, ಆ ಗುಪ್ತ ಸಮಾಧಿ ಮುಂದೆ ಕಾಪಾಡುವುದು ಥೀಬ್ಸಿನ ದಾಳಿಯಿಂದ ಅಥೆನ್ಸ್‌ಅನ್ನು. ಈ ನಾಟಕ ರಂಗಕ್ಕೆ ಬಂದದ್ದು ಕವಿಯ ಮರಣಾನಂತರ, ಕ್ರಿ.ಪೂ. 401ರಲ್ಲಿ, ಅದಕ್ಕೆ ಮೂರೇ ವರ್ಷ ಮುಂಚೆ, ಅಥೆನ್ಸ್ ಸ್ಪಾರ್ಟದೊಡನೆ ನಡೆದ ದೀರ್ಘಯುದ್ಧದಲ್ಲಿ ಸೋತು ಶರಣಾದಾಗ, ಆ ನಗರವನ್ನು ನಿರ್ನಾಮ ಮಾಡಬೇಕೆಂದು ಪಟ್ಟುಹಿಡಿದವರಲ್ಲಿ ಥೀಬ್ಸಿನವರು ಮುಂದಿದ್ದರು.

ನಾಟಕಕ್ಕೂ ಸಮಕಾಲೀನ ವೈರಕ್ಕೂ ಇದ್ದ ನಂಟು ಇದಕ್ಕಿಂತ ಸ್ಪಷ್ಟವಾಗಿ ಯೂರಿಪಿಡೀಸ್‌ನಲ್ಲಿ ಕಾಣುತ್ತದೆ. ಕ್ರಿ.ಪೂ. 424ರಲ್ಲಿ ಡೀಲಿಯಮ್ ಎಂಬಲ್ಲಿ ಅಥೆನ್ಸಿನ ಸೈನ್ಯವನ್ನು ಸೋಲಿಸಿದ ಬಿಯೋಷಿಯದವರು, ಅಪೊಲೊ ದೇವಾಲಯವನ್ನು ಅಥೆನ್ಸಿನವರು ಕೋಟೆಯಾಗಿ ಬಳಸಿದರೆಂಬ ಕಾರಣವೊಡ್ಡಿ, ಸತ್ತವರ ಹೆಣಗಳನ್ನು ಕೊಡಲು ನಿರಾಕರಿಸಿದರು. ಸತ್ತವರನ್ನು ಮರಳಿಸುವುದು ಗ್ರೀಕರೆಲ್ಲರೂ ಪವಿತ್ರವೆಂದು ಪಾಲಿಸುತ್ತಿದ್ದ ರೂಢಿಯಾದ್ದರಿಂದ ಈ ನಿರಾಕರಣೆ ಅಥೆನ್ಸಿನಲ್ಲಿ ಆಳವಾದ ಗಾಯ ಮಾಡಿತು. ಹೆಚ್ಚುಕಡಿಮೆ ಅದೇ ಹೊತ್ತಿನದೆಂದು ಬಹುತೇಕ ವಿದ್ವಾಂಸರು ಒಪ್ಪುವ ಯೂರಿಪಿಡೀಸ್‌ನ ನಾಟಕದಲ್ಲಿ, ಏಳು ದಳಪತಿಗಳ ಶವಗಳನ್ನು ಹಿಡಿದಿಟ್ಟುಕೊಂಡ ಥೀಬ್ಸ್‌ನ ಮೇಲೆ ಥೀಸಿಯಸ್ ದಂಡೆತ್ತಿ ಹೋಗಿ ಅವನ್ನು ಬಿಡಿಸಿ ತರುತ್ತಾನೆ. ಅಣ್ಣನಾದ ಪಾಲಿನೀಸಿಸ್‌ನ ಶವಕ್ಕೆ ಮಣ್ಣು ಹಾಕಿದ ಅಂತಿಗೊನೆಯನ್ನು ಶಿಕ್ಷಿಸುವ ಊರು, ದೇವರನ್ನೇ ಗುರುತಿಸದ ಊರು, ಒಡಹುಟ್ಟಿದವರು ಒಬ್ಬರನ್ನೊಬ್ಬರು ಕೊಲ್ಲುವ ಊರು ಎಂದು ಅಥೆನ್ಸಿನ ಪ್ರೇಕ್ಷಕ ವರ್ಷ ವರ್ಷವೂ ಕಂಡದ್ದು ಥೀಬ್ಸ್‌ಅನ್ನು. ತನ್ನಲ್ಲಿ ಆಗಬಾರದ್ದನ್ನೆಲ್ಲ ಅಥೆನ್ಸ್ ಥೀಬ್ಸ್‌ನ ಮೇಲೆ ಆರೋಪಿಸಿ ರಂಗದಲ್ಲಿ ನೋಡಿಕೊಂಡಿತು ಎಂಬ ಅಮೆರಿಕದ ವಿದುಷಿ ಫ್ರೋಮಾ ಜೈಟ್ಲಿನ್ ಅವರ ವಾದ ಈಗ ಸುಪ್ರಸಿದ್ಧ. ಆ ನಾಟಕಗಳ ಘನತೆ ಇದರಿಂದ ಕುಂದುವುದಿಲ್ಲ. ಆದರೆ ಅವುಗಳನ್ನು ಥೀಬ್ಸಿನ ಆತ್ಮಕಥೆಯೆಂದು ಓದುವುದು ಸರ್ವಥಾ ಸಲ್ಲದು.

ಥೀಬ್ಸಿನವನೇ ಆದ ಕವಿ ಪಿಂಡಾರ್‌ನ ಹಾಡುಗಳನ್ನು ಪಕ್ಕದಲ್ಲಿರಿಸಿದರೆ ವ್ಯತ್ಯಾಸ ಎದ್ದು ಕಾಣುತ್ತದೆ. ಅವನ ಪಾಲಿಗೆ ಥೀಬ್ಸ್ ಎಂದರೆ ಹಾರ್ಮೋನಿಯಳ ಮದುವೆ, ಡಯೊನೈಸಸ್‌ನ ಜನನ, ಮಹಾವೀರ ಹೆರಾಕ್ಲೀಸ್‌ನ ತೊಟ್ಟಿಲು. ಸಿಸಿಲಿ ದ್ವೀಪದ ಅಕ್ರಗಾಸ್ ಪಟ್ಟಣವನ್ನು ಆಳುತ್ತಿದ್ದ ಥೀರಾನ್ ಕ್ರಿ.ಪೂ. 476ರ ಒಲಿಂಪಿಕ್ ಕೂಟದಲ್ಲಿ ರಥದ ಓಟವನ್ನು ಗೆದ್ದಾಗ ಪಿಂಡಾರ್ ರಚಿಸಿದ ವಿಜಯಗೀತೆ ಆ ದೊರೆಯ ವಂಶವನ್ನು ಪಾಲಿನೀಸಿಸ್‌ನ ಮಗನವರೆಗೆ, ಅಂದರೆ ಈಡಿಪಸ್‌ನವರೆಗೆ, ಒಯ್ದು ನಿಲ್ಲಿಸುತ್ತದೆ. ಈಜಿಯನ್ ಸಮುದ್ರದ ಥೀರಾ ದ್ವೀಪಕ್ಕೆ ವಲಸೆಗಾರರನ್ನು ಕರೆದೊಯ್ದವನೂ ಕ್ಯಾಡ್ಮಸ್‌ನ ವಂಶದವನೆಂದು ಚರಿತ್ರಕಾರ ಹೆರೊಡೊಟಸ್ ಬರೆದಿದ್ದಾನೆ. ಅಥೆನ್ಸಿನ ರಂಗದ ಮೇಲೆ ಕಳಂಕವಾಗಿದ್ದ ವಂಶ ಗ್ರೀಕ್ ಲೋಕದ ಬೇರೆಡೆ ಹೆಮ್ಮೆಯ ವಂಶವಾಗಿತ್ತು ಎಂಬುದನ್ನು ಇವು ತೋರಿಸುತ್ತವೆ.

ಥೀಬ್ಸ್‌ನ ಬಗ್ಗೆ ನೆರೆಯವರಿಗಿದ್ದ ಅಸಮಾಧಾನ ಕಥೆಯಿಂದಷ್ಟೇ ಹುಟ್ಟಿದ್ದಲ್ಲ ಎಂಬುದನ್ನೂ ಹೇಳಬೇಕು. ಕ್ರಿ.ಪೂ. 480ರಲ್ಲಿ ಪರ್ಷಿಯದ ದೊರೆ ಜರ್ಕ್ಸೀಸ್ ದಂಡೆತ್ತಿ ಬಂದಾಗ ಥೀಬ್ಸ್ ಅವನ ಪಕ್ಷ ಸೇರಿ, ಮರುವರ್ಷ ಪ್ಲೇಟಿಯ ಯುದ್ಧದಲ್ಲಿ ಗ್ರೀಕರ ವಿರುದ್ಧವೇ ಹೋರಾಡಿತು. ಕ್ರಿ.ಪೂ. 431ರಲ್ಲಿ ಶಾಂತಿಯ ಕಾಲದಲ್ಲೇ ಪ್ಲೇಟಿಯದ ಮೇಲೆ ಎರಗಿ, ನಾಲ್ಕು ವರ್ಷಗಳ ಬಳಿಕ ಆ ಪುಟ್ಟ ಊರು ಇಲ್ಲವಾಗುವಂತೆ ನೋಡಿಕೊಂಡಿತು. ಅದೇ ಥೀಬ್ಸ್ ಕ್ರಿ.ಪೂ. 371ರಲ್ಲಿ ಲ್ಯೂಕ್ಟ್ರ ಎಂಬಲ್ಲಿ, ಅಜೇಯವೆನಿಸಿದ್ದ ಸ್ಪಾರ್ಟದ ಕಾಲಾಳು ಪಡೆಯನ್ನು ಎಪಮಿನಾಂಡಸ್‌ನ ನಾಯಕತ್ವದಲ್ಲಿ ಮುರಿದು, ಸ್ಪಾರ್ಟದವರ ಕೆಳಗೆ ತಲೆಮಾರುಗಳಿಂದ ಜೀತದಲ್ಲಿದ್ದ ಮೆಸೀನಿಯದ ಜನರಿಗೆ ಬಿಡುಗಡೆ ಕೊಟ್ಟಿತು. ಗ್ರೀಸಿನ ಮುಂದಾಳುತನ ಥೀಬ್ಸ್‌ನ ಕೈಯಲ್ಲಿದ್ದುದು ಹತ್ತು ವರ್ಷಗಳಷ್ಟು ಕಾಲ ಮಾತ್ರ, ಕ್ರಿ.ಪೂ. 338ರಲ್ಲಿ ಕೈರೋನಿಯ ಯುದ್ಧದಲ್ಲಿ ಅಥೆನ್ಸ್ ಮತ್ತು ಥೀಬ್ಸ್ ಕೊನೆಗೂ ಒಂದಾಗಿ ನಿಂತು ಮ್ಯಾಸಿಡೋನಿಯದ ಫಿಲಿಪ್‌ನೆದುರು ಸೋತವು, ಥೀಬ್ಸ್‌ನ ಆಯ್ದ 300 ಮಂದಿಯ ಪವಿತ್ರ ದಳ ಅಲ್ಲಿಯೇ ಮಡಿಯಿತು.

ಫಿಲಿಪ್‌ನ ಮಗ ಅಲೆಕ್ಸಾಂಡರ್ ಉತ್ತರದ ಯುದ್ಧದಲ್ಲಿ ಸತ್ತನೆಂಬ ಗಾಳಿಸುದ್ದಿಯನ್ನು ನಂಬಿ ಕ್ರಿ.ಪೂ. 335ರಲ್ಲಿ ಥೀಬ್ಸ್ ದಂಗೆಯೆದ್ದಿತು. ಕ್ಯಾಡ್ಮಿಯದಲ್ಲಿದ್ದ ಮ್ಯಾಸಿಡೋನಿಯದ ಕಾವಲುಪಡೆಯನ್ನು ಮುತ್ತಿದ ಜನರೆದುರು ಕೆಲವೇ ದಿನಗಳಲ್ಲಿ ಅಲೆಕ್ಸಾಂಡರನೇ ಪ್ರತ್ಯಕ್ಷನಾದನು. ಚರಿತ್ರಕಾರ ಡಯೊಡೋರಸ್ ಕೊಡುವ ಲೆಕ್ಕದಂತೆ ಊರು ಬಿದ್ದ ದಿನ ಥೀಬ್ಸಿನವರಲ್ಲಿ 6000ಕ್ಕೂ ಹೆಚ್ಚು ಮಂದಿ ಹತರಾದರು, 30,000ಕ್ಕೂ ಹೆಚ್ಚು ಮಂದಿ ಸೆರೆಸಿಕ್ಕಿದರು. ಉಳಿದ ಊರನ್ನು ಏನು ಮಾಡಬೇಕೆಂಬ ತೀರ್ಮಾನವನ್ನು ಅಲೆಕ್ಸಾಂಡರ್ ತನ್ನ ಗ್ರೀಕ್ ಮಿತ್ರರ ಸಭೆಗೆ ಬಿಟ್ಟನು; ಆ ಮಿತ್ರರೆಂದರೆ ಪ್ಲೇಟಿಯ, ಥೆಸ್ಪಿಯೆ, ಆರ್ಕೊಮಿನಸ್, ಫೋಕಿಸ್ ಮುಂತಾದ, ಥೀಬ್ಸ್‌ನ ಕೈಯಲ್ಲಿ ಪೆಟ್ಟು ತಿಂದ ನೆರೆಯ ಊರುಗಳವರು.

ಪುರಾಣವು ಚರಿತ್ರೆಯ ಕಣಕ್ಕೆ ನೇರವಾಗಿ ಇಳಿದದ್ದು ಈ ಸಭೆಯಲ್ಲಿ. ಪೊಂಪಿಯಸ್ ಟ್ರೋಗಸ್ ಎಂಬ ರೋಮನ್ ಚರಿತ್ರಕಾರನ ಗ್ರಂಥವನ್ನು ಸಂಗ್ರಹಿಸಿ ಬರೆದ ಜಸ್ಟಿನ್ ಹೇಳುವಂತೆ, ಆಪಾದನೆ ಮಾಡಿದವರು ಪರ್ಷಿಯದ ಪಕ್ಷ ಸೇರಿದ ದ್ರೋಹವನ್ನಷ್ಟೇ ಎತ್ತಿ ಆಡಲಿಲ್ಲ; ಆ ಊರಿನ ಪೂರ್ವಿಕರು ಎಸಗಿದವೆಂದು ಕಥೆಗಳು ಹೇಳುವ, ರಂಗಭೂಮಿಗಳನ್ನೆಲ್ಲ ತುಂಬಿದ ಘೋರ ಪಾತಕಗಳನ್ನೂ ಪಟ್ಟಿಯಲ್ಲಿ ಸೇರಿಸಿ, ಥೀಬ್ಸ್ ಈಗಿನ ತಪ್ಪಿಗೆ ಮಾತ್ರವಲ್ಲದೆ ಹಳೆಯ ಅಪಕೀರ್ತಿಗೂ ಅಸಹ್ಯಕ್ಕೆ ಪಾತ್ರವಾಗಬೇಕೆಂದು ವಾದಿಸಿದರು. ಸೆರೆಯಾಳುಗಳ ಪರವಾಗಿ ಮಾತಾಡಲು ಅವಕಾಶ ಪಡೆದ ಕ್ಲಿಯಾಡಸ್ ಎಂಬವನು ಹೂಡಿದ ಪ್ರತಿವಾದವೂ ಪುರಾಣದ್ದೇ: ಇದು ದೇವತೆಗಳನ್ನು ಹೆತ್ತ ನೆಲ, ಅಲೆಕ್ಸಾಂಡರ್ ತನ್ನ ಕುಲದ ಮೂಲಪುರುಷನೆಂದು ಹೇಳಿಕೊಳ್ಳುವ ಹೆರಾಕ್ಲೀಸ್ ಹುಟ್ಟಿದ ಊರು, ಇದನ್ನು ಕೆಡವಬಾರದು ಎಂಬುದು ಅವನ ಬೇಡಿಕೆ. ಜಸ್ಟಿನ್ ಘಟನೆಗೆ ಶತಮಾನಗಳಷ್ಟು ಈಚಿನವನು, ಭಾಷಣಗಳನ್ನು ಬಣ್ಣ ಕಟ್ಟಿ ಬರೆಯುವುದು ಆ ಕಾಲದ ಚರಿತ್ರಕಾರರ ವಾಡಿಕೆ ಎಂಬುದನ್ನು ಮರೆಯುವಂತಿಲ್ಲ. ಆದರೂ, ಊರೊಂದರ ಮರಣದಂಡನೆಯ ವಿಚಾರಣೆಯಲ್ಲಿ ಈಡಿಪಸ್‌ನ ಕಥೆಯನ್ನು ಸಾಕ್ಷ್ಯದಂತೆ ಮುಂದಿಡುವುದು ಪ್ರಾಚೀನರಿಗೆ ಸಹಜವಾಗಿ ತೋರಿತೆಂಬುದೇ ಮನಕಲಕುವ ಸಂಗತಿ. ನೆರೆಯ ಊರಿನ ಕವಿಗಳು ಕಟ್ಟಿಕೊಟ್ಟ ರೂಪವನ್ನೇ ಥೀಬ್ಸ್‌ನ ನಿಜರೂಪವೆಂದು ಹಿಡಿದು, ಆ ರೂಪಕ್ಕೆ ಶಿಕ್ಷೆ ವಿಧಿಸಿದ ಅನ್ಯಾಯ ಅದು.

ಅಹವಾಲು ಫಲಿಸಲಿಲ್ಲ. ದೇವಾಲಯಗಳನ್ನೂ, ಪಿಂಡಾರ್‌ನ ಮನೆಯನ್ನೂ ಉಳಿಸಿ ಮಿಕ್ಕ ಊರನ್ನು ಕೆಡವಲಾಯಿತು. ಪೂಜಾರಿಗಳು, ಮ್ಯಾಸಿಡೋನಿಯದ ಆಪ್ತರು, ಆ ಕವಿಯ ವಂಶಸ್ಥರು ಇವರನ್ನು ಬಿಟ್ಟು ಹೆಂಗಸರು ಮಕ್ಕಳೆನ್ನದೆ ಎಲ್ಲರನ್ನೂ ಗುಲಾಮರಾಗಿ ಮಾರಿದ್ದರಿಂದ 440 ಟ್ಯಾಲೆಂಟ್ ಬೆಳ್ಳಿ, ಅಂದರೆ ಟ್ಯಾಲೆಂಟಿಗೆ 26 ಕಿಲೋಗ್ರಾಂನಂತೆ ಹನ್ನೊಂದು ಟನ್‌ಗೂ ಮೀರಿದ ಬೆಳ್ಳಿ, ಸಂಗ್ರಹವಾಯಿತು. ಸುದ್ದಿ ತಲುಪಿದಾಗ ಅಥೆನ್ಸಿನವರು ತಮ್ಮ ಅತಿ ಪವಿತ್ರವಾದ ಎಲ್ಯೂಸಿಸ್‌ನ ಉತ್ಸವವನ್ನು ಶೋಕದಿಂದ ನಿಲ್ಲಿಸಿ, ತಪ್ಪಿಸಿಕೊಂಡು ಬಂದವರಿಗೆ ಆಶ್ರಯ ಕೊಟ್ಟರು.

ಇಪ್ಪತ್ತು ವರ್ಷಗಳ ಬಳಿಕ ಅದೇ ಪುರಾಣ ಊರನ್ನು ಮತ್ತೆ ಎಬ್ಬಿಸಲು ನೆರವಾಯಿತು. ಕ್ರಿ.ಪೂ. 316ರಲ್ಲಿ ಮ್ಯಾಸಿಡೋನಿಯದ ಆಡಳಿತ ಹಿಡಿದಿದ್ದ ಕಸಾಂಡರ್ ಥೀಬ್ಸ್‌ಅನ್ನು ಪುನಃ ಸ್ಥಾಪಿಸಿದಾಗ, ಹತಭಾಗ್ಯರ ಮೇಲಿನ ಕರುಣೆಯಿಂದಲೂ ಊರಿನ ಪ್ರಾಚೀನ ಕೀರ್ತಿಯ ಕಾರಣದಿಂದಲೂ ಅನೇಕ ಪಟ್ಟಣಗಳು ಕೈಜೋಡಿಸಿದವೆಂದೂ, ಸಿಸಿಲಿ ಮತ್ತು ಇಟಲಿಯ ಗ್ರೀಕರು ಕೂಡ ನೆರವಾದರೆಂದೂ, ಗೋಡೆಯ ಬಹುಭಾಗವನ್ನು ಅಥೆನ್ಸಿನವರೇ ಕಟ್ಟಿಕೊಟ್ಟರೆಂದೂ ಡಯೊಡೋರಸ್ ಬರೆದಿದ್ದಾನೆ. ದೇಣಿಗೆ ಕೊಟ್ಟವರ ಹೆಸರುಗಳನ್ನು ಕೆತ್ತಿದ ಶಿಲಾಶಾಸನವೊಂದರ ಭಾಗಗಳು ಇಂದಿಗೂ ಉಳಿದಿವೆ. ಕ್ಯಾಡ್ಮಸ್‌ನ ಕಥೆಯಂತೂ ಸಮುದ್ರದಾಚೆಯ ಫೀನಿಷಿಯದವರಿಗೆ ಗ್ರೀಕ್ ಲೋಕದೊಡನೆ ನಂಟು ಹೇಳಿಕೊಳ್ಳುವ ದಾರಿಯಾಯಿತು: ಕ್ರಿ.ಪೂ. 200ರ ಸುಮಾರಿನಲ್ಲಿ ಸಿಡೋನ್ ಪಟ್ಟಣದ ಡಿಯೊಟಿಮಸ್ ಎಂಬ ಅಧಿಕಾರಿ ಗ್ರೀಸಿನ ನೆಮಿಯ ಪಂದ್ಯದಲ್ಲಿ ರಥದ ಓಟವನ್ನು ಗೆದ್ದಾಗ ಅವನೂರಿನಲ್ಲಿ ನೆಟ್ಟ ಗ್ರೀಕ್ ಪದ್ಯಶಾಸನ, ಈ ಗೆಲುವಿಗೆ ಕ್ಯಾಡ್ಮಸ್‌ನ ಥೀಬ್ಸ್ ಕೂಡ ಹಿಗ್ಗುತ್ತದೆಂದು ಹೇಳುತ್ತದೆ. ರೋಮನರ ಆಳ್ವಿಕೆಯಲ್ಲಿ, ಕ್ರಿ.ಶ. 3ನೇ ಶತಮಾನದಲ್ಲಿ, ಟೈರ್ ಪಟ್ಟಣ ಅಚ್ಚುಹಾಕಿದ ನಾಣ್ಯಗಳಲ್ಲಿ ಕ್ಯಾಡ್ಮಸ್ ಗ್ರೀಕರಿಗೆ ಬರಹವನ್ನು ಕೊಡುವ ದೃಶ್ಯವಿದೆ.

ಕ್ರಿ.ಶ. 2ನೇ ಶತಮಾನದಲ್ಲಿ ಪಾಸೇನಿಯಸ್ ಬಂದು ನೋಡಿದಾಗ ಕೆಳಗಿನ ಊರು ಪಾಳುಬಿದ್ದು, ಜನವಸತಿ ದಿಬ್ಬದ ಮೇಲೆ ಮಾತ್ರ ಉಳಿದಿತ್ತು. ಎಲೆಕ್ಟ್ರ, ಪ್ರೀಟಸ್, ನೀಸ್ಟ, ಕ್ರೀನಿಯ, ಹಿಪ್ಸಿಸ್ಟ, ಆಗಿಜಸ್, ಹೊಮೊಲೋಯ್ ಎಂಬ ಏಳು ಬಾಗಿಲುಗಳನ್ನು ಅವನು ಹೆಸರಿಸಿದ್ದಾನೆ. ಸಿಡಿಲಿಗೆ ಬಲಿಯಾದ ಸೆಮಿಲಿಯ ಕೋಣೆಯ ಅವಶೇಷಕ್ಕೆ ಯಾರೂ ಕಾಲಿಡದಂತೆ ಜನ ಕಾಯುತ್ತಿದ್ದರು. ಅವನು ದಾಖಲಿಸಿದ ಇನ್ನೊಂದು ಆಚರಣೆ ಇನ್ನೂ ಸ್ವಾರಸ್ಯಕರ: ಸೂರ್ಯ ವೃಷಭ ರಾಶಿಯಲ್ಲಿರುವಾಗ ಟಿಥೋರಿಯ ಎಂಬ ಊರಿನವರು ಆಂಫಿಯನ್ ಮತ್ತು ಜೀಥಸ್‌ರ ಸಮಾಧಿಯ ದಿಬ್ಬದಿಂದ ಮಣ್ಣು ಕದ್ದು, ತಮ್ಮಲ್ಲಿರುವ ಆ ಸೋದರರ ತಾಯಿ ಆಂಟಿಯೋಪಿಯ ಸಮಾಧಿಗೆ ಹಾಕಿದರೆ ಥೀಬ್ಸ್‌ನ ಪೈರಿನ ಸತ್ವ ಅವರ ಹೊಲಗಳಿಗೆ ಹರಿದುಹೋಗುತ್ತದೆಂದು ನಂಬಿದ್ದರಿಂದ, ಥೀಬ್ಸಿನವರು ಆ ದಿನಗಳಲ್ಲಿ ದಿಬ್ಬಕ್ಕೆ ಕಾವಲು ಹಾಕುತ್ತಿದ್ದರು. ಊರಿನ ಉತ್ತರಕ್ಕೆ ಇಂದಿಗೂ ಆಂಫಿಯನ್‌ನ ಹೆಸರು ಹೊತ್ತಿರುವ ಆ ದಿಬ್ಬವನ್ನು 20ನೇ ಶತಮಾನದಲ್ಲಿ ಅಗೆದಾಗ ಅಲ್ಲಿ ಕ್ರಿ.ಪೂ. 3ನೇ ಸಹಸ್ರಮಾನದ, ಹಿಂದೆಯೇ ಕೊಳ್ಳೆಹೋಗಿದ್ದ, ಗೋರಿಯೊಂದು ಸಿಕ್ಕಿತು. ನೆಲದಡಿ ಯಾರೋ ಮಹನೀಯರಿದ್ದಾರೆಂಬ ಅರಿವನ್ನು ಕಥೆ ಎರಡು ಸಾವಿರ ವರ್ಷ ಹಿಡಿದಿಟ್ಟುಕೊಂಡಿತ್ತು, ಅವರ ಹೆಸರುಗಳನ್ನು ಮಾತ್ರ ತಾನೇ ಕೊಟ್ಟುಕೊಂಡಿತ್ತು.

ಮಧ್ಯಯುಗದಲ್ಲಿ ಥೀಬ್ಸ್ ಬೈಜಾಂಟಿಯನ್ ಸಾಮ್ರಾಜ್ಯದ ರೇಷ್ಮೆಯ ಊರಾಯಿತು. 1147ರಲ್ಲಿ ಸಿಸಿಲಿಯ ದೊರೆ ಎರಡನೆಯ ರೋಜರ್‌ನ ನೌಕಾಪಡೆ ಊರನ್ನು ಸೂರೆಮಾಡಿ ನೇಕಾರರನ್ನೇ ಪಲೆರ್ಮೊ ನಗರಕ್ಕೆ ಎಳೆದೊಯ್ದಿತು. ಆದರೂ ಮಗ್ಗಗಳು ನಿಲ್ಲಲಿಲ್ಲ, 1160ರ ದಶಕದಲ್ಲಿ ಇಲ್ಲಿಗೆ ಬಂದ ಯೆಹೂದಿ ಪ್ರವಾಸಿ ಬೆಂಜಮಿನ್ ಇಲ್ಲಿನ 2000 ಮಂದಿ ಯೆಹೂದಿಗಳನ್ನು ಗ್ರೀಕರ ನಾಡಿನಲ್ಲೇ ಅತ್ಯಂತ ನುರಿತ ರೇಷ್ಮೆ ಕುಶಲಕರ್ಮಿಗಳೆಂದು ಹೊಗಳಿದ್ದಾನೆ. ಸರಿಸುಮಾರು ಅದೇ ವರ್ಷಗಳಲ್ಲಿ ಫ್ರೆಂಚ್ ಭಾಷೆಯಲ್ಲಿ ಥೀಬ್ಸ್‌ನ ಯುದ್ಧವನ್ನು ಕುರಿತ ದೀರ್ಘ ಕಾವ್ಯವೊಂದು ರಚಿತವಾಗಿ ಪಶ್ಚಿಮದ ಆಸ್ಥಾನಗಳಲ್ಲಿ ಜನಪ್ರಿಯವಾಯಿತು. 13ನೇ ಶತಮಾನದಲ್ಲಿ ಫ್ರಾಂಕ್ ಪ್ರಭುಗಳು ಕಟ್ಟಿದ ಕೋಟೆಯ ಒಂದು ಬುರುಜು ಈಗಿನ ವಸ್ತುಸಂಗ್ರಹಾಲಯದ ಅಂಗಳದಲ್ಲಿ ನಿಂತಿದೆ. 1853 ಮತ್ತು 1893ರ ಭೂಕಂಪಗಳು ಹಳೆಯ ಮನೆಗಳಲ್ಲಿ ಹೆಚ್ಚಿನವನ್ನು ಕೆಡವಿದವು.

ಥೀಬ್ಸ್ ತನ್ನದೇ ದನಿಯಲ್ಲಿ ಮಾತಾಡತೊಡಗಿದ್ದು 1906ರಲ್ಲಿ ಆಂಟೋನಿಯೊಸ್ ಕೆರಮೋಪೌಲೊಸ್ ಎಂಬ ಗ್ರೀಕ್ ಪುರಾತತ್ತ್ವಜ್ಞ ಊರಿನ ನಡುಮಧ್ಯೆ ಉತ್ಖನನ ಆರಂಭಿಸಿದ ಮೇಲೆ. ಬೆಂಕಿಗೆ ಆಹುತಿಯಾದ ದೊಡ್ಡ ಕಟ್ಟಡವೊಂದನ್ನು ಕಂಡ ಅವನು ಅದನ್ನು ಕ್ಯಾಡ್ಮಸ್‌ನ ಮನೆಯೆಂದು ಕರೆದನು. ಅದು ವಾಸ್ತವವಾಗಿ ಮೈಸಿನೀಯ ಯುಗದ, ಅಂದರೆ ಕ್ರಿ.ಪೂ. 1600ರಿಂದ 1100ರ ನಡುವಿನ ಕಂಚಿನ ಯುಗದ ಗ್ರೀಕ್ ಅರಸರ ಕಾಲದ, ಅರಮನೆಯ ಭಾಗ. ಅಲ್ಲಿ ದೊರೆತ, ಎಣ್ಣೆ ಸಾಗಿಸುವ ಹಿಡಿಕೆಯುಳ್ಳ ಜಾಡಿಗಳ ಮೇಲೆ ಬಣ್ಣದಲ್ಲಿ ಬರೆದ ಅಕ್ಷರಗಳಿದ್ದವು. ಲೀನಿಯರ್ ಬಿ ಎಂದು ಹೆಸರಾದ ಆ ಲಿಪಿಯನ್ನು 1952ರಲ್ಲಿ ಮೈಕೇಲ್ ವೆಂಟ್ರಿಸ್ ಬಿಡಿಸಿ ಅದರ ಭಾಷೆ ಗ್ರೀಕ್ ಎಂದು ತೋರಿಸಿದ ಮೇಲೆ, ಜಾಡಿಗಳ ಮೇಲಿನ ಬರಹದಲ್ಲಿ ಕ್ರೀಟ್ ದ್ವೀಪದ ಊರುಗಳ ಹೆಸರುಗಳು ಓದಲು ಸಿಕ್ಕವು. ಮಣ್ಣಿನ ರಾಸಾಯನಿಕ ಪರೀಕ್ಷೆಯೂ ಅವುಗಳಲ್ಲಿ ಅನೇಕವು ಪಶ್ಚಿಮ ಕ್ರೀಟ್‌ನಲ್ಲಿ ತಯಾರಾದವೆಂದು ತಿಳಿಸಿತು.

1963-64ರಲ್ಲಿ ಇನ್ನೊಂದು ನಿವೇಶನದಲ್ಲಿ ಸಿಕ್ಕಿದ ನಿಧಿ ಜಗತ್ತಿನ ಗಮನ ಸೆಳೆಯಿತು. ಜೇಡಿಮಣ್ಣಿನ ಮೇಲೆ ಉರುಳಿಸಿ ಮುದ್ರೆ ಒತ್ತುವ ಉರುಳೆಯಾಕಾರದ ಮುದ್ರೆಗಳು ಅವು, ಸುಮಾರು 40. ಹೆಚ್ಚಿನವು ಲ್ಯಾಪಿಸ್ ಲಜೂಲಿ ಎಂಬ ಕಡುನೀಲಿ ಕಲ್ಲಿನಲ್ಲಿ ಕೆತ್ತಿದವು. ಆ ಕಲ್ಲಿನ ಗಣಿಗಳಿದ್ದುದು ದೂರದ ಆಫ್ಘಾನಿಸ್ತಾನದ ಬದಖ್ಶಾನ್‌ನಲ್ಲಿ, ಮುದ್ರೆಗಳಲ್ಲಿ ಹಲವು ಬ್ಯಾಬಿಲೋನನ್ನು ಆಳಿದ ಕಸ್ಸೈಟ್ ಅರಸರ ಕಾಲದವು, ಒಂದಂತೂ ಕ್ರಿ.ಪೂ. 14ನೇ ಶತಮಾನದ ದೊರೆ ಬುರ್ನಬುರಿಯಾಶನ ಅಧಿಕಾರಿಯದು. ಪೂರ್ವದೇಶದಿಂದ ಬಂದ ಕ್ಯಾಡ್ಮಸ್‌ನ ಕಥೆಗೆ ಪುರಾವೆ ದೊರೆಯಿತೆಂದು ಆಗ ಅನೇಕರಿಗೆ ಅನಿಸಿದ್ದು ಸಹಜ. ಆದರೆ ಮುದ್ರೆಗಳು ಉಡುಗೊರೆಯಾಗಿಯೋ ಸರಕಾಗಿಯೋ ಪ್ರಯಾಣ ಮಾಡಬಲ್ಲವು. ಅಸ್ಸೀರಿಯದ ದೊರೆಯೊಬ್ಬ ಬ್ಯಾಬಿಲೋನನ್ನು ಕೊಳ್ಳೆಹೊಡೆದ ಮೇಲೆ ಕಳುಹಿಸಿದ ಕಾಣಿಕೆ ಇದಾಗಿರಬಹುದೆಂದು ಈಡಿತ್ ಪೊರಾಡ ಎಂಬ ವಿದುಷಿ ಸೂಚಿಸಿದ್ದಾರೆ. ಥೀಬ್ಸ್‌ನಲ್ಲಿ ಫೀನಿಷಿಯದ ವಲಸೆಗಾರರು ನೆಲೆಸಿದ್ದರೆನ್ನಲು ಪುರಾತತ್ತ್ವದ ಆಧಾರ ಕಂಡುಬಂದಿಲ್ಲ, ಹೋಮರ್ ಕೂಡ ಕ್ಯಾಡ್ಮಸ್‌ನನ್ನು ಫೀನಿಷಿಯದವನೆಂದು ಎಲ್ಲಿಯೂ ಕರೆಯುವುದಿಲ್ಲ. ಕ್ಯಾಡ್ಮಸ್‌ನ ಸಂಗಡ ಬಂದ ಫೀನಿಷಿಯದವರೇ ಗ್ರೀಕರಿಗೆ ಅಕ್ಷರ ಕಲಿಸಿದರೆಂದು ಹೇಳುವ ಹೆರೊಡೊಟಸ್, ಇಸ್ಮೀನಸ್ ದಂಡೆಯ ಅಪೊಲೊ ದೇವಾಲಯದಲ್ಲಿ ಕ್ಯಾಡ್ಮಸ್‌ನ ಕಾಲದ ಅಕ್ಷರಗಳನ್ನು ತಾನೇ ಕಂಡೆನೆಂದೂ ಬರೆದಿದ್ದಾನೆ. ಗ್ರೀಕ್ ವರ್ಣಮಾಲೆ ಫೀನಿಷಿಯದಿಂದ ಬಂದದ್ದು ನಿಜ. ಅದು ಬಂದದ್ದು ಮಾತ್ರ ಕ್ರಿ.ಪೂ. 8ನೇ ಶತಮಾನದ ಹೊತ್ತಿಗೆ, ಥೀಬ್ಸ್‌ನ ಅರಮನೆ ಸುಟ್ಟು ನಾನೂರು ವರ್ಷಗಳಾದ ಮೇಲೆ. ನಿಜವಾದ ಋಣವೊಂದನ್ನು ಗ್ರೀಕರು ಮರೆಯದೆ, ಅದನ್ನು ತಮಗೆ ತಿಳಿದ ಅತ್ಯಂತ ಹಳೆಯ ಹೆಸರಿಗೆ ಕಟ್ಟಿದರು.

1982ರಲ್ಲಿ ದೊರೆತ ಜೇಡಿಮಣ್ಣಿನ 56 ಮುದ್ರಿಕೆಗಳು ಅರಮನೆಗೆ ಬಂದ ಪ್ರಾಣಿಗಳ ಲೆಕ್ಕವನ್ನು ಹೇಳುತ್ತವೆ. ಅವುಗಳಲ್ಲಿ ಎದುರಿನ ಯೂಬಿಯ ದ್ವೀಪದ ಅಮರಿಂಥೊಸ್ ಮತ್ತು ಕರಿಸ್ಟೊಸ್ ಊರುಗಳ ಹೆಸರುಗಳಿರುವುದರಿಂದ ಥೀಬ್ಸ್ ಅರಸರ ಕೈ ಸಮುದ್ರದ ಕವಲನ್ನು ದಾಟಿ ಚಾಚಿತ್ತೆಂದು ತಿಳಿಯುತ್ತದೆ. 1993ರಿಂದ 1995ರ ನಡುವೆ ಪೆಲೊಪಿಡಸ್ ಬೀದಿಯ ಕೆಳಗೆ ಸಿಕ್ಕ, ಬರಹವುಳ್ಳ 200ಕ್ಕೂ ಹೆಚ್ಚು ಜೇಡಿಮಣ್ಣಿನ ಹಲಗೆಗಳು ಯಾರಿಗೆ ಎಷ್ಟು ಬಾರ್ಲಿ, ಎಷ್ಟು ಹಿಟ್ಟು, ಎಷ್ಟು ಮದ್ಯ ಎಂಬ ಉಗ್ರಾಣದ ಲೆಕ್ಕಗಳು. ಅವುಗಳಲ್ಲಿ ದೇವತೆಗಳ ಹೆಸರುಗಳೂ ಪವಿತ್ರ ಪ್ರಾಣಿಗಳೂ ಇವೆಯೆಂದು ಮೊದಲ ಸಂಪಾದಕರು ಓದಿದರೆ, ಅವು ಬರಿಯ ಮನುಷ್ಯರ ಹೆಸರುಗಳೆಂದು ಇತರರು ವಾದಿಸಿದ್ದಾರೆ. ಹಲಗೆಗಳು ಉಳಿದುದಕ್ಕೆ ಕಾರಣ ಬೆಂಕಿ: ಕ್ರಿ.ಪೂ. 13ನೇ ಶತಮಾನದ ಕೊನೆಯ ಹೊತ್ತಿಗೆ ಅರಮನೆ ಉರಿದಾಗ ಹಸಿ ಮಣ್ಣಿನ ಹಲಗೆಗಳು ಸುಟ್ಟು ಗಟ್ಟಿಯಾದವು. ಹೋಮರನು ಟ್ರಾಯ್‌ಗೆ ಹಡಗು ಕಳುಹಿಸಿದ ಊರುಗಳನ್ನು ಎಣಿಸುವಾಗ ಥೀಬ್ಸ್‌ನ ಬದಲು ಅದರ ಕೆಳಗಿನ ಊರನ್ನು ಮಾತ್ರ ಹೆಸರಿಸುವುದನ್ನೂ, ಟ್ರಾಯ್ ಯುದ್ಧಕ್ಕೆ ಮುಂಚೆಯೇ ಥೀಬ್ಸ್ ಬಿದ್ದಿತ್ತೆಂಬ ಕಥೆಯನ್ನೂ ಈ ಬೆಂಕಿಯ ಪಕ್ಕದಲ್ಲಿಟ್ಟು ನೋಡುವ ಆಸೆ ಯಾರಿಗೂ ಆಗದಿರದು. ಆದರೆ ಬೆಂಕಿ ಇಟ್ಟವರು ಯಾರೆಂಬುದನ್ನು ಉಗ್ರಾಣದ ಲೆಕ್ಕಗಳು ಹೇಳುವುದಿಲ್ಲ.

ಥೀವಾ ಎಂದು ಈಗ ಕರೆಯಲಾಗುವ ಪಟ್ಟಣ ಸರಿಯಾಗಿ ಅರಮನೆಯ ಮೇಲೆಯೇ ಕುಳಿತಿರುವುದರಿಂದ, ಹೊರಬಯಲಿನಲ್ಲಿರುವ ಮೈಸಿನಿಯಂತೆಯೋ ಟ್ರಾಯ್‌ನಂತೆಯೋ ಇದನ್ನು ಒಟ್ಟಾಗಿ ಅಗೆದು ನೋಡುವುದು ಸಾಧ್ಯವಾಗಿಲ್ಲ. ಹಳೆಯ ಮನೆ ಕೆಡವಿ ಹೊಸದನ್ನು ಕಟ್ಟುವಾಗ ಆ ನಿವೇಶನದಲ್ಲಿ ಪುರಾತತ್ತ್ವ ಇಲಾಖೆ ಉತ್ಖನನ ನಡೆಸುತ್ತದೆ. ಒಂದು ಕಡೆ ಗೋಡೆಯ ಮೂಲೆ, ಇನ್ನೊಂದು ಕಡೆ ಉಗ್ರಾಣ, ಮತ್ತೊಂದು ಕಡೆ ಭಿತ್ತಿಚಿತ್ರದ ತುಣುಕು ಹೀಗೆ ಸಿಕ್ಕಿದ್ದನ್ನು ನಕ್ಷೆಯಲ್ಲಿ ಸೇರಿಸುತ್ತ ಹೋಗಲಾಗಿದೆ, ಸಿಕ್ಕ ವಸ್ತುಗಳಲ್ಲಿ ಮುಖ್ಯವಾದವು ವಿಸ್ತರಿಸಿ 2016ರಲ್ಲಿ ಮತ್ತೆ ತೆರೆದ ವಸ್ತುಸಂಗ್ರಹಾಲಯದಲ್ಲಿವೆ. ಏಳು ಬಾಗಿಲುಗಳ ಪೈಕಿ ನೆಲದ ಮೇಲೆ ಖಚಿತವಾಗಿ ತೋರಿಸಬಹುದಾದದ್ದು ದಿಬ್ಬದ ಆಗ್ನೇಯಕ್ಕಿರುವ ಎಲೆಕ್ಟ್ರ ಬಾಗಿಲು. ಅಲ್ಲಿ ಮನೆಗಳ ನಡುವೆ ಕಾಣುವ ಎರಡು ದುಂಡು ಕೊತ್ತಲಗಳ ತಳಪಾಯ ಕ್ರಿ.ಪೂ. 4ನೇ ಶತಮಾನದ್ದು. ಉಳಿದ ಬಾಗಿಲುಗಳ ಜಾಗದ ಬಗ್ಗೆಯೂ, ಕಂಚಿನ ಯುಗದ ಅಷ್ಟು ಚಿಕ್ಕ ದಿಬ್ಬಕ್ಕೆ ಏಳು ಬಾಗಿಲುಗಳಿದ್ದವೇ, ಅಥವಾ ಆ ಸಂಖ್ಯೆ ಕವಿಗಳದೇ ಎಂಬುದರ ಬಗ್ಗೆಯೂ 19ನೇ ಶತಮಾನದ ಜರ್ಮನ್ ವಿದ್ವಾಂಸರಿಂದ ಆರಂಭವಾದ ಚರ್ಚೆ ಮುಂದುವರಿದಿದೆ.